50ರ ದಶಕದ ಹಿಂದಿ ಸಿನಿಮಾ: ಮೊದಲು ಯಾವುದನ್ನು ನೋಡಬೇಕು?

ಹೋದ ಬೇಸಿಗೆ ರಜೆಗೆ ಅಕ್ಕನ ಮಗಳು ನಮ್ಮ ಮನೆಗೆ ಬಂದಿದ್ದಳು. ‘ಮಾವ, ಹಿಂದಿ ಸಿನಿಮಾದ ಸುವರ್ಣಯುಗ ಅಂತಾರಲ್ಲ, ಅದರಲ್ಲಿ ಒಂದು ಹಾಕು ನೋಡೋಣ’ ಅಂದಳು. ನನಗೆ ಖುಷಿಯೋ ಖುಷಿ. ಊಟ ಮುಗಿಸಿ ರಾತ್ರಿ ಒಂಬತ್ತಕ್ಕೆ ‘ಮುಘಲ್-ಎ-ಆಜಂ’ ಹಾಕಿದೆ. ಮುಕ್ಕಾಲು ಗಂಟೆಯಲ್ಲಿ ಅವಳು ಸೋಫಾ ಮೇಲೆ ನಿದ್ದೆ ಹೋಗಿದ್ದಳು. ತಪ್ಪು ಅವಳದಲ್ಲ, ಸಿನಿಮಾದ್ದೂ ಅಲ್ಲ. ಮೂರು ಗಂಟೆ ಮೀರಿದ, ಗಟ್ಟಿ ಉರ್ದು ಮಾತಿನ ಸಿನಿಮಾವನ್ನು ನಾನು ಮೊದಲ ದಿನವೇ ಬಡಿಸಬಾರದಿತ್ತು.

ಆಮೇಲೆ ಯೋಚನೆ ಮಾಡಿದೆ. ಈ ಕಾಲದ ಬಗ್ಗೆ ಬರೆಯುವವರೆಲ್ಲ ‘ಅತ್ಯುತ್ತಮ ಹತ್ತು’ ಅಂತ ಪಟ್ಟಿ ಕೊಡುತ್ತಾರೆ. ಯಾರಿಗೆ ಯಾವುದು, ಯಾವುದಾದ ಮೇಲೆ ಯಾವುದು ಅಂತ ಹೇಳುವವರು ಕಡಿಮೆ. ಅದನ್ನೇ ಇಲ್ಲಿ ಹೇಳೋಕೆ ಪ್ರಯತ್ನ ಮಾಡ್ತೀನಿ.

ಸುವರ್ಣಯುಗ ಅಂದರೆ ಹೆಚ್ಚು ಕಡಿಮೆ ಸ್ವಾತಂತ್ರ್ಯ ಬಂದಾಗಿನಿಂದ 60ರ ದಶಕದ ಮೊದಲ ಕೆಲವು ವರ್ಷಗಳವರೆಗೆ. ಆಗ ಬೊಂಬಾಯಿಯಲ್ಲಿ ಸಿನಿಮಾ ಮಾಡಿದವರು ಎಲ್ಲೆಲ್ಲಿಂದ ಬಂದಿದ್ದರು ನೋಡಿ. ದಿಲೀಪ್ ಕುಮಾರ್, ರಾಜ್ ಕಪೂರ್ ಇಬ್ಬರೂ ಹುಟ್ಟಿದ್ದು ಪೇಶಾವರದಲ್ಲಿ. ನಟ ಬಲರಾಜ್ ಸಾಹ್ನಿ, ಹಾಡು ಬರೆದ ಶೈಲೇಂದ್ರ ರಾವಲ್ಪಿಂಡಿಯಲ್ಲಿ. ದೇಶ ಒಡೆದ ಮೇಲೆ ಕವಿ ಸಾಹಿರ್ ಲುಧಿಯಾನವಿ ಲಾಹೋರ್ ಬಿಟ್ಟು ಬಂದರು. ನಿರ್ದೇಶಕ ಬಿಮಲ್ ರಾಯ್ ಕಲ್ಕತ್ತೆಯಿಂದ ತಮ್ಮ ತಂಡ ಕಟ್ಟಿಕೊಂಡು ಬಂದರು. ನಮ್ಮ ಕಡೆಯಿಂದಲೂ ಹೋದವರಿದ್ದಾರೆ, ಅವರ ವಿಷಯಕ್ಕೆ ಆಮೇಲೆ ಬರ್ತೀನಿ. ಹುಟ್ಟಿದ ಊರು ಬಿಟ್ಟವರು, ಊರೇ ಬೇರೆ ದೇಶದ ಪಾಲಾದವರು ಸೇರಿ ಮಾಡಿದ ಸಿನಿಮಾಗಳು ಇವು. ಸ್ವಾತಂತ್ರ್ಯ ಬಂದಾಗ ನಮಗೆ ಏನೋ ಒಂದು ಮಾತು ಕೊಟ್ಟಿದ್ದರಲ್ಲ, ಅದು ಏನಾಯಿತು? ಈ ಕಾಲದ ಒಳ್ಳೆಯ ಸಿನಿಮಾಗಳು ಸುತ್ತಿ ಬಳಸಿ ಕೇಳೋದು ಇದೊಂದನ್ನೇ. ಒಬ್ಬರು ನಗಿಸುತ್ತಾ ಕೇಳುತ್ತಾರೆ, ಒಬ್ಬರು ಅಳಿಸುತ್ತಾ, ಇನ್ನೊಬ್ಬರು ಸಿಟ್ಟಲ್ಲಿ. ನಿಮಗೆ ಇವತ್ತು ಯಾವ ದನಿ ಬೇಕು ಅನ್ನೋದರ ಮೇಲೆ ಆಯ್ಕೆ ನಿಂತಿದೆ.

ಇನ್ನೊಂದು ವಿಷಯ, ನಿಮಗೆ ಹಿಂದಿ ಎಷ್ಟು ಬರುತ್ತದೆ ಅನ್ನೋದು. ಇದನ್ನು ಯಾರೂ ಕೇಳೋದಿಲ್ಲ, ಆದರೆ ನಮಗೆ ಇದು ಮುಖ್ಯ.

ಹಿಂದಿ ಅಷ್ಟಕ್ಕಷ್ಟೇ ಅಂದರೆ: ‘ಶ್ರೀ 420’ ಇಂದ ಶುರು ಮಾಡಿ

ರಾಜ್ ಕಪೂರ್ ಸಿನಿಮಾಗಳಲ್ಲಿ ಎಲ್ಲರೂ ಮೊದಲು ಹೆಸರಿಸೋದು 1951ರ ‘ಆವಾರಾ’ವನ್ನು. ಅದು ದೊಡ್ಡ ಸಿನಿಮಾ, ಅನುಮಾನವೇ ಇಲ್ಲ. 1954ರಲ್ಲಿ ಸೋವಿಯತ್ ದೇಶಕ್ಕೆ ಹೋಗಿ ಅಲ್ಲಿನ ಜನರನ್ನು ಹುಚ್ಚು ಹಿಡಿಸಿತು. ಮುಕೇಶ್ ಹಾಡಿದ ಅದರ ಹಾಡು ರಷ್ಯಾದ ಹಳಬರ ಬಾಯಲ್ಲಿ ಇವತ್ತಿಗೂ ಇದೆ. ಅದರಲ್ಲಿ ನಾಯಕನ ತಾಯಿಯಾಗಿ ಮಾಡಿರುವ ಲೀಲಾ ಚಿಟ್ನಿಸ್ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಆದರೆ ‘ಆವಾರಾ’ ಕೋರ್ಟಿನಲ್ಲಿ ಶುರುವಾಗಿ ಹಿಂದಕ್ಕೆ ಹೋಗುತ್ತದೆ. ಅಪ್ಪ ಮಗನ ಸೇಡಿನ ಕಥೆ ಭಾರವಾಗಿದೆ. ನಡುವೆ ಬರುವ ಕನಸಿನ ದೃಶ್ಯ ಅಭ್ಯಾಸ ಇಲ್ಲದವರಿಗೆ ಉದ್ದ ಅನ್ನಿಸಬಹುದು.

1955ರ ‘ಶ್ರೀ 420’ ಹಾಗಲ್ಲ. ಎರಡನ್ನೂ ಬರೆದದ್ದು ಕೆ.ಎ. ಅಬ್ಬಾಸ್, ಸಂಗೀತ ಎರಡಕ್ಕೂ ಶಂಕರ್-ಜೈಕಿಶನ್. ಆದರೆ ಇದರ ಕಥೆಯನ್ನು ಮಗುವಿಗೂ ಹೇಳಬಹುದು. ಅಲಹಾಬಾದಿನಿಂದ ಒಬ್ಬ ಹುಡುಗ ಬೊಂಬಾಯಿಗೆ ಬರುತ್ತಾನೆ. ಪ್ರಾಮಾಣಿಕತೆಗೆ ಅಂತ ಸಿಕ್ಕಿದ್ದ ಪದಕವನ್ನು ಹೊಟ್ಟೆಪಾಡಿಗೆ ಒತ್ತೆ ಇಡುತ್ತಾನೆ. ಫುಟ್‌ಪಾತಿನ ಬಡವರ ಜೊತೆ ಬದುಕುತ್ತಾನೆ, ಆಮೇಲೆ ಶ್ರೀಮಂತ ಸೇಠನ ಕೈಗೊಂಬೆಯಾಗಿ ಅದೇ ಬಡವರಿಗೆ ‘ನೂರು ರೂಪಾಯಿಗೆ ಮನೆ’ ಅಂತ ಮೋಸದ ಸ್ಕೀಮು ಮಾರುತ್ತಾನೆ. ಚೀಟಿ ವ್ಯವಹಾರದಲ್ಲಿ, ಸೈಟು ಕೊಡಿಸ್ತೀವಿ ಅನ್ನುವವರ ಹತ್ತಿರ ದುಡ್ಡು ಕಳೆದುಕೊಂಡವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಆ ದೃಶ್ಯದಲ್ಲಿ ಜನ ಪುಡಿಗಾಸು ಹಿಡಿದು ಮುಂದೆ ಬರೋದನ್ನು ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ವಂಚನೆಯ ಕಾನೂನಿನ ಸೆಕ್ಷನ್ ನಂಬರ್ ಈಗ ಬದಲಾಗಿದೆ, ಆದರೂ ‘ಅವನೊಬ್ಬ ಫೋರ್ ಟ್ವೆಂಟಿ’ ಅನ್ನೋ ಮಾತು ನಮ್ಮ ಬಾಯಿಂದ ಹೋಗಿಲ್ಲ ಅಲ್ವಾ.

ಮಾತು ಸರಳ ಹಿಂದುಸ್ತಾನಿ. ಫುಟ್‌ಪಾತಿನವರು ಕುಣಿಯುವ ಹಾಡಿನಲ್ಲಿ ‘ರಾಮಯ್ಯಾ ವಸ್ತಾವಯ್ಯಾ’ ಅಂತ ಅಪ್ಪಟ ತೆಲುಗೇ ಬರುತ್ತದೆ. ಶಂಕರ್ ಹೈದರಾಬಾದಿನಲ್ಲಿ ಬೆಳೆದವರು. ‘ರಾಮಯ್ಯಾ, ಬರ್ತೀಯಾ?’ ಅನ್ನೋದು ಉತ್ತರದವರಿಗಿಂತ ಮೊದಲು ನಮಗೇ ಅರ್ಥ ಆಗುತ್ತದೆ. ಇನ್ನು ಮಳೆಯಲ್ಲಿ ಒಂದೇ ಕೊಡೆಯ ಕೆಳಗೆ ರಾಜ್ ಕಪೂರ್, ನರ್ಗಿಸ್ ನಡೆಯುವ ಹಾಡು. ಸಿನಿಮಾ ನೋಡದವರೂ ಆ ಚಿತ್ರವನ್ನು ಎಲ್ಲೋ ಕಂಡಿರುತ್ತಾರೆ.

ಅಕ್ಕನ ಮಗಳಿಗೆ ಎರಡನೇ ಸಲ ಇದನ್ನೇ ಹಾಕಿದೆ. ಈ ಸಲ ನಿದ್ದೆ ಮಾಡಲಿಲ್ಲ.

‘ದೋ ಬೀಘಾ ಜಮೀನ್’ ಅಥವಾ ‘ಮದರ್ ಇಂಡಿಯಾ’?

ಎರಡೂ ರೈತರ ಕಥೆ, ಎರಡರಲ್ಲೂ ಸಾಲ, ಎರಡರಲ್ಲೂ ಓದು ಬಾರದವರಿಗೆ ಕಾಗದದ ಮೇಲೆ ಮೋಸ. ಅದಕ್ಕೇ ಜನ ಒಂದು ನೋಡಿದರೆ ಇನ್ನೊಂದು ಬೇಡ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಇವೆರಡನ್ನು ಒಂದು ವಾರದ ಅಂತರದಲ್ಲಿ ನೋಡಲೇಬೇಕು. ಯಾಕಂದರೆ ಒಂದು ಇನ್ನೊಂದಕ್ಕೆ ಎದುರು ನಿಂತಿದೆ.

1953ರ ‘ದೋ ಬೀಘಾ ಜಮೀನ್’ ಬಿಮಲ್ ರಾಯ್ ಅವರದು. ಬಂಗಾಳದ ಲೆಕ್ಕದಲ್ಲಿ ಎರಡು ಬೀಘಾ ಅಂದರೆ ನಮ್ಮ ಸುಮಾರು 26 ಗುಂಟೆ. ಮುಕ್ಕಾಲು ಎಕರೆಯೂ ಇಲ್ಲ. ಅಷ್ಟು ಜಮೀನು ಶಂಭುವಿನದು, ಅದರ ಜಾಗದಲ್ಲಿ ಜಮೀನ್ದಾರನಿಗೆ ಮಿಲ್ಲು ಕಟ್ಟಬೇಕು. ಶಂಭು ತನ್ನ ಸಾಲ 65 ರೂಪಾಯಿ ಅಂದುಕೊಂಡಿರುತ್ತಾನೆ. ಮನೆಯ ಸಾಮಾನು ಮಾರಿ ದುಡ್ಡು ಹೊಂದಿಸಿಕೊಂಡು ಹೋದರೆ, ಲೆಕ್ಕದ ಪುಸ್ತಕದಲ್ಲಿ 235 ಆಗಿರುತ್ತದೆ. ಕೋರ್ಟು ಮೂರು ತಿಂಗಳು ಗಡುವು ಕೊಡುತ್ತದೆ. ಅವನು ಕಲ್ಕತ್ತೆಗೆ ಹೋಗಿ ಕೈಯಲ್ಲಿ ಎಳೆಯುವ ರಿಕ್ಷಾ ಹಿಡಿಯುತ್ತಾನೆ.

ಬಲರಾಜ್ ಸಾಹ್ನಿ ಓದಿಕೊಂಡ ಮನುಷ್ಯ, ಬಿ.ಬಿ.ಸಿ. ರೇಡಿಯೋದಲ್ಲಿ ಕೆಲಸ ಮಾಡಿ ಬಂದವರು. ಶಂಭುವಿನ ಪಾತ್ರಕ್ಕಾಗಿ ಕಲ್ಕತ್ತೆಯ ಬೀದಿಯಲ್ಲಿ ನಿಜವಾಗಿ ರಿಕ್ಷಾ ಎಳೆದು ಕಲಿತರು. ಅದರ ಫಲ ಒಂದು ದೃಶ್ಯದಲ್ಲಿ ಕಾಣುತ್ತದೆ. ಸವಾರಿ ಹತ್ತಿದವನೊಬ್ಬ ಮುಂದೆ ಹೋಗುತ್ತಿರುವ ಗಾಡಿಯನ್ನು ಹಿಡಿ, ಇನ್ನೂ ಜೋರಾಗಿ ಓಡು, ಜಾಸ್ತಿ ದುಡ್ಡು ಕೊಡ್ತೀನಿ ಅನ್ನುತ್ತಾನೆ. ಅವನಿಗೆ ಅದು ಮೋಜು. ಶಂಭುವಿಗೆ ಒಂದೊಂದು ಹೆಜ್ಜೆಯೂ ಊರಿನ ಜಮೀನು. ಕ್ಯಾಮೆರಾ ಕಾಲು ತೋರಿಸುತ್ತದೆ, ಚಕ್ರ ತೋರಿಸುತ್ತದೆ, ಮುಖ ತೋರಿಸುತ್ತದೆ, ಮತ್ತೆ ಕಾಲು. ಕೊನೆಗೆ ಚಕ್ರ ಕಳಚಿಕೊಳ್ಳುತ್ತದೆ. ನಾನು ಇದನ್ನು ಎಷ್ಟು ಸಲ ನೋಡಿದರೂ ಆ ಚಕ್ರ ಈ ಸಲ ಕಳಚದೆ ಇರಲಿ ಅಂತ ಮನಸ್ಸು ಬೇಡಿಕೊಳ್ಳುತ್ತದೆ. 1954ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಇದಕ್ಕೆ ಪ್ರಶಸ್ತಿ ಬಂತು. ಅದೇ ವರ್ಷ ಶುರುವಾದ ಫಿಲ್ಮ್‌ಫೇರ್ ಪ್ರಶಸ್ತಿಯಲ್ಲಿ ಮೊಟ್ಟಮೊದಲ ಅತ್ಯುತ್ತಮ ಚಿತ್ರವೂ ಇದೇ.

1957ರ ‘ಮದರ್ ಇಂಡಿಯಾ’ ಮೆಹಬೂಬ್ ಖಾನ್ ಅವರದು. ತಾವೇ 1940ರಲ್ಲಿ ಮಾಡಿದ್ದ ‘ಔರತ್’ ಚಿತ್ರವನ್ನು ಅವರು ಬಣ್ಣದಲ್ಲಿ, ದೊಡ್ಡದಾಗಿ ಮತ್ತೆ ಮಾಡಿದರು. ಇಲ್ಲಿ ಎಲ್ಲವೂ ದೊಡ್ಡದು: ಆಕಾಶ, ಪ್ರವಾಹ, ಬೆಂಕಿ, ದುಃಖ. ಮದುವೆಗೆ ಅಂತ ಅತ್ತೆ ಮಾಡಿದ 500 ರೂಪಾಯಿ ಸಾಲಕ್ಕೆ ಪ್ರತಿ ವರ್ಷ ಬೆಳೆಯ ಮುಕ್ಕಾಲು ಪಾಲು ಬಡ್ಡಿ. ಲೇವಾದೇವಿಯ ಸುಖೀಲಾಲನಾಗಿ ಮಾಡಿರುವ ಕನ್ಹಯ್ಯಾಲಾಲ್ ಹಳೆಯ ‘ಔರತ್’ನಲ್ಲೂ ಅದೇ ಪಾತ್ರ ಮಾಡಿದ್ದರು. ಎತ್ತಿಲ್ಲದ ನೇಗಿಲಿಗೆ ನರ್ಗಿಸ್ ಹೆಗಲು ಕೊಟ್ಟು ಎಳೆಯುವ ಚಿತ್ರ ಮನಸ್ಸಿಂದ ಹೋಗೋದಿಲ್ಲ. ಆಸ್ಕರ್‌ನ ವಿದೇಶಿ ಭಾಷೆಯ ಚಿತ್ರಗಳ ವಿಭಾಗದಲ್ಲಿ ನಾಮನಿರ್ದೇಶನ ಪಡೆದ ಮೊದಲ ಭಾರತೀಯ ಸಿನಿಮಾ ಇದು.

ಈಗ ವ್ಯತ್ಯಾಸ ನೋಡಿ. ‘ಮದರ್ ಇಂಡಿಯಾ’ ಶುರುವಾಗೋದೇ ಊರಿಗೆ ಕಾಲುವೆ ಬಂದಾಗ. ಮುದುಕಿಯಾದ ರಾಧಾ ಕೈಯಿಂದ ಅದನ್ನು ತೆರೆಸುತ್ತಾರೆ. ಪಟ್ಟ ಕಷ್ಟಕ್ಕೆ ಅಂತೂ ನೀರು ಬಂತು ಅನ್ನೋ ನಂಬಿಕೆ ಅದರಲ್ಲಿದೆ. ಬಿಮಲ್ ರಾಯ್ ನಾಲ್ಕು ವರ್ಷ ಮೊದಲೇ ಬೇರೆ ಮಾತು ಹೇಳಿದ್ದರು: ಮಿಲ್ಲು ಬರುತ್ತದೆ, ಆದರೆ ಅದು ಯಾರ ಜಮೀನಿನ ಮೇಲೆ ಬರುತ್ತದೆ? ಒಂದೇ ದಶಕ, ಒಂದೇ ದೇಶ, ಎರಡು ಉತ್ತರ. ಅಣೆಕಟ್ಟಿನಿಂದ ನೀರು ಕಂಡವರೂ ಅದೇ ಅಣೆಕಟ್ಟಿಗೆ ಊರು ಕಳೆದುಕೊಂಡವರೂ ನಮ್ಮ ರಾಜ್ಯದಲ್ಲೇ ಇದ್ದಾರೆ. ಅವರಿಗೆ ಈ ಎರಡನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ಒಂದನ್ನೇ ಆರಿಸಿ ಅಂದರೆ ನಾನು ‘ದೋ ಬೀಘಾ ಜಮೀನ್’ ಅಂತೀನಿ. ಮನೆಮಂದಿಯೆಲ್ಲ ಒಟ್ಟಿಗೆ ಕೂರುವ ಭಾನುವಾರ ಆದರೆ ‘ಮದರ್ ಇಂಡಿಯಾ’. ಅಜ್ಜಿಯರಿಗೆ, ಅಮ್ಮಂದಿರಿಗೆ ಅದು ಹೆಚ್ಚು ಹತ್ತಿರ.

ಗುರುದತ್: ‘ಪ್ಯಾಸಾ’ ಮೊದಲು, ‘ಕಾಗಝ್ ಕೇ ಫೂಲ್’ ಕೊನೆಗೆ

ಈಗ ನಮ್ಮವರ ವಿಷಯ. ನಿರ್ದೇಶಕ, ನಟ ಗುರುದತ್ ಹುಟ್ಟಿದ್ದು 1925ರ ಜುಲೈ 9ರಂದು ಬೆಂಗಳೂರಿನಲ್ಲಿ. ಮನೆತನ ಪಡುಕೋಣೆ. ಬೆಳೆದದ್ದು ಕಲ್ಕತ್ತೆಯಲ್ಲಿ, ಕುಣಿತ ಕಲಿತದ್ದು ಆಲ್ಮೋರದಲ್ಲಿ ಉದಯಶಂಕರ್ ಹತ್ತಿರ. ಅವರ ಸಿನಿಮಾಗಳಿಗೆ ಬೆಳಕು ಕೊಟ್ಟ ವಿ.ಕೆ. ಮೂರ್ತಿ ಮೈಸೂರಿನವರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಓದಿ ಬೊಂಬಾಯಿಗೆ ಹೋದವರು. ಛಾಯಾಗ್ರಾಹಕರಲ್ಲಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೊದಲು ಸಿಕ್ಕಿದ್ದು ಅವರಿಗೇ.

‘ಪ್ಯಾಸಾ’ 1957ರದು, ‘ಮದರ್ ಇಂಡಿಯಾ’ ಬಂದ ವರ್ಷದ್ದೇ. ವಿಜಯ್ ಒಬ್ಬ ಕವಿ. ಅವನ ಕವಿತೆಗಳನ್ನು ಅಣ್ಣಂದಿರು ರದ್ದಿಗೆ ಹಾಕುತ್ತಾರೆ. ಆ ಕಾಗದ ಗುಲಾಬೋ ಅನ್ನೋ ಬೀದಿಯ ಹೆಣ್ಣಿನ ಕೈಗೆ ಸೇರುತ್ತದೆ. ಅದನ್ನು ಓದಿ ಅರ್ಥ ಮಾಡಿಕೊಂಡವಳು ಅವಳೊಬ್ಬಳೇ. ಮನೆಯವರಿಗೆ ತೂಕದ ಲೆಕ್ಕದಲ್ಲಿ ನಾಲ್ಕು ಕಾಸಿನ ಕಾಗದ, ಅವಳಿಗೆ ಬದುಕು. ವಹೀದಾ ರೆಹಮಾನ್ ಆ ಪಾತ್ರವನ್ನು ತುಂಬ ಹಿಡಿತದಲ್ಲಿ ಮಾಡಿದ್ದಾರೆ.

ಇದರ ಉರ್ದು ಕಷ್ಟ ಆಗುತ್ತದಾ ಅಂತ ಕೇಳುತ್ತಾರೆ. ಸ್ವಲ್ಪ ಆಗುತ್ತದೆ. ಆದರೆ ಇದರ ಹಾಡು ಬರೆದ ಸಾಹಿರ್ ಅದರ ಬಗ್ಗೆ ಮೊದಲೇ ಯೋಚಿಸಿದ್ದರು. ವೇಶ್ಯೆಯರ ಕೇರಿಯಲ್ಲಿ ಕುಡಿದ ವಿಜಯ್ ತೂರಾಡುತ್ತಾ ಹಾಡುವ ಹಾಡು ಅವರ ಹಳೆಯ ಕವಿತೆಯದು. ಮೂಲದಲ್ಲಿ ಮತ್ತೆ ಮತ್ತೆ ಬರುವ ಸಾಲು ಗಟ್ಟಿ ಪಾರ್ಸಿ ಪದಗಳದ್ದು, ಪೂರ್ವದೇಶದ ಪಾವಿತ್ರ್ಯವನ್ನು ಹೊಗಳುವವರು ಎಲ್ಲಿ ಅಂತ ಅರ್ಥ. ಸಿನಿಮಾಕ್ಕೆ ಅದನ್ನೇ ಬಿಡಿಸಿ, ಹಿಂದ್ ದೇಶದ ಬಗ್ಗೆ ಹೆಮ್ಮೆಪಡುವವರು ಎಲ್ಲಿ ಅಂತ ಎಲ್ಲರಿಗೂ ತಿಳಿಯುವ ಮಾತಲ್ಲಿ ಬರೆದರು. ಹತ್ತು ವರ್ಷದ ಸ್ವತಂತ್ರ ದೇಶವನ್ನು ನೇರವಾಗಿ ಮುಖಕ್ಕೆ ಮುಖ ಕೊಟ್ಟು ಕೇಳಿದ ಪ್ರಶ್ನೆ ಅದು. ರಫಿ ಅದನ್ನು ಎಲ್ಲೂ ಕೂಗದೆ ಹಾಡಿದ್ದಾರೆ. ಸಬ್‌ಟೈಟಲ್ ಹಾಕಿಕೊಂಡು, ಆ ಹಾಡನ್ನು ಮಾತ್ರ ಎರಡು ಸಲ ನೋಡಿ.

ಇನ್ನು 1959ರ ‘ಕಾಗಝ್ ಕೇ ಫೂಲ್’. ಇದು ಭಾರತದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ ಚಿತ್ರ. ಬಂದಾಗ ಜನ ತಿರಸ್ಕರಿಸಿದರು. ಆಮೇಲೆ ಗುರುದತ್ ನಿರ್ದೇಶಕ ಅಂತ ತಮ್ಮ ಹೆಸರು ಮತ್ತೆ ಹಾಕಿಕೊಳ್ಳಲಿಲ್ಲ. 1964ರಲ್ಲಿ, 39ನೇ ವಯಸ್ಸಿಗೆ ಹೋಗಿಬಿಟ್ಟರು. ಕಥೆ ಒಬ್ಬ ಸಿನಿಮಾ ನಿರ್ದೇಶಕ ಸೋಲುವುದರದ್ದು. ಅದಕ್ಕೇ ಇದನ್ನು ಮೊದಲು ನೋಡಬೇಡಿ ಅನ್ನೋದು. ಆ ಕಾಲದ ಸಿನಿಮಾ ಮೇಲೆ ಪ್ರೀತಿ ಹುಟ್ಟಿದ ಮೇಲೆ ನೋಡಿದರೆ ಮಾತ್ರ ಆ ಖಾಲಿ ಸ್ಟುಡಿಯೋ ನೋಡಿ ಎದೆ ಭಾರ ಆಗುತ್ತದೆ. ಹಾಡುಗಳ ನಡುವೆ ಕಥೆ ಕೆಲವು ಕಡೆ ಸಡಿಲ ಆಗುತ್ತದೆ, ಅದೂ ನಿಜ. ಕಥೆಯಾಗಿ ‘ಪ್ಯಾಸಾ’ ಹೆಚ್ಚು ಗಟ್ಟಿ.

‘ಮುಘಲ್-ಎ-ಆಜಂ’: ಬಿಡುವಿನ ದಿನಕ್ಕೆ, ಕಪ್ಪು ಬಿಳುಪಿನಲ್ಲಿ

1960ರ ಆಗಸ್ಟ್ 5ರಂದು ಬೊಂಬಾಯಿಯ ಮರಾಠಾ ಮಂದಿರದಲ್ಲಿ ತೆರೆಕಂಡ ಸಿನಿಮಾ. ನಿರ್ದೇಶಕ ಕೆ. ಆಸಿಫ್ ಇದಕ್ಕೆ ತಮ್ಮ ಆಯುಷ್ಯದ ದೊಡ್ಡ ಪಾಲು ಕೊಟ್ಟರು. ಶಾಸ್ತ್ರೀಯ ಗಾಯಕ ಬಡೇ ಗುಲಾಂ ಅಲಿ ಖಾನ್ ಸಿನಿಮಾಕ್ಕೆ ಹಾಡೋಕೆ ಮನಸ್ಸಿಲ್ಲದೆ ಹಾಡಿಗೆ 25,000 ರೂಪಾಯಿ ಕೇಳಿದರೆ, ಆಸಿಫ್ ಹಿಂದೆಮುಂದೆ ನೋಡದೆ ಒಪ್ಪಿಕೊಂಡರು. (ಸಿನಿಮಾ ಮತ್ತು ಶಾಸ್ತ್ರೀಯ ಸಂಗೀತ ಅಂದಾಗ ನಮ್ಮ ಭೀಮಸೇನ ಜೋಶಿ ನೆನಪಾಗುತ್ತಾರೆ. 1956ರ ‘ಬಸಂತ್ ಬಹಾರ್’ನಲ್ಲಿ ಅವರು ಮನ್ನಾ ಡೇ ಜೊತೆ ಹಾಡಿದ್ದಾರೆ. ಅದನ್ನು ಕೇಳಿಲ್ಲ ಅಂದರೆ ಇವತ್ತೇ ಕೇಳಿ.)

2004ರಲ್ಲಿ ಇಡೀ ಚಿತ್ರಕ್ಕೆ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದರು. ಯಾವುದು ನೋಡಲಿ ಅಂತ ಬಹಳ ಜನ ಕೇಳುತ್ತಾರೆ. ನನ್ನ ಉತ್ತರ, ಮೂಲದ್ದೇ. ಮೂಲದಲ್ಲಿ ಹೆಚ್ಚಿನ ಭಾಗ ಕಪ್ಪು ಬಿಳುಪು. ರಾಜಕುಮಾರ ಸಲೀಮನನ್ನು ಪ್ರೀತಿಸಿದ ಅನಾರ್ಕಲಿಯಾಗಿ ಮಧುಬಾಲಾ ಅವನ ಅಪ್ಪ ಅಕ್ಬರನ ಎದುರಿಗೆ, ಶೀಶ್ ಮಹಲಿನ ಕನ್ನಡಿಗಳ ನಡುವೆ, ಪ್ರೀತಿಸಿದ ಮೇಲೆ ಹೆದರಿಕೆ ಯಾಕೆ ಅಂತ ಹಾಡುವಾಗ ಪರದೆ ತುಂಬ ಬಣ್ಣ ಚಿಮ್ಮುತ್ತದೆ. ಅಲ್ಲಿವರೆಗೆ ಬಣ್ಣ ಇಲ್ಲದಿದ್ದರೇ ಅದರ ಬೆಲೆ. ಮೊದಲಿನಿಂದ ಬಣ್ಣವೇ ಇದ್ದರೆ ಆ ಬೆರಗು ಎಲ್ಲಿ ಉಳಿಯುತ್ತದೆ?

ಇದರಲ್ಲಿ ನನಗೆ ಅದಕ್ಕಿಂತ ಪ್ರೀತಿಯ ಜಾಗ ಇನ್ನೊಂದಿದೆ. ಅಕ್ಬರನ ಅರಮನೆಯಲ್ಲಿ ಕೃಷ್ಣ ಜನ್ಮಾಷ್ಟಮಿ. ಬಾದಶಹ ಕೃಷ್ಣನ ತೊಟ್ಟಿಲು ತೂಗುತ್ತಾನೆ. ನೌಶಾದ್ ರಾಗ, ಲತಾ ದನಿ. ದೇಶ ಎರಡಾಗಿ ಹದಿಮೂರು ವರ್ಷ ಆಗಿದ್ದಾಗ, ರಕ್ತದ ನೆನಪು ಇನ್ನೂ ಹಸಿಯಾಗಿದ್ದಾಗ, ಕೂಡಿ ಬಾಳೋದು ಹೀಗೆ ಅಂತ ತೋರಿಸಿದರು. 1952ರ ‘ಬೈಜು ಬಾವ್ರಾ’ದ ಮಾಲ್‌ಕೌಂಸ್ ರಾಗದ ಭಜನೆಯನ್ನು ಬರೆದದ್ದು ಶಕೀಲ್ ಬದಾಯೂನಿ, ರಾಗ ಹಾಕಿದ್ದು ನೌಶಾದ್, ಹಾಡಿದ್ದು ರಫಿ. ಹರಿಯ ದರ್ಶನಕ್ಕೆ ಹಂಬಲಿಸುವ ಹಾಡು ಅದು. ಈ ಕಾಲವನ್ನು ಯಾಕೆ ಸುವರ್ಣ ಅನ್ನುತ್ತಾರೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಈ ಭಜನೆ ಹಾಕ್ತೀನಿ.

ಉಳಿದವು

ಹಗುರವಾದದ್ದು ಬೇಕಾ? 1958ರ ‘ಚಲ್ತಿ ಕಾ ನಾಮ್ ಗಾಡಿ’. ಕಿಶೋರ್ ಕುಮಾರ್ ಸೇರಿ ಮೂವರು ಅಣ್ಣತಮ್ಮಂದಿರು, ಒಂದು ಗ್ಯಾರೇಜು, ಮಧುಬಾಲಾ. ಪತ್ತೇದಾರಿ ಬೇಕಂದರೆ ದೇವ್ ಆನಂದರ ‘ಸಿ.ಐ.ಡಿ.’, 1956ರದು. ದೆವ್ವ, ಮಂಜು, ಪುನರ್ಜನ್ಮ ಬೇಕಂದರೆ ಬಿಮಲ್ ರಾಯ್ ಅವರ ‘ಮಧುಮತಿ’. ಹೆಣ್ಣಿನ ಮನಸ್ಸನ್ನು ಹತ್ತಿರದಿಂದ ನೋಡಬೇಕಂದರೆ ನೂತನ್ ಮಾಡಿರುವ ‘ಸುಜಾತಾ’ ಮತ್ತು ‘ಬಂದಿನಿ’. ಎರಡರಲ್ಲಿ ‘ಬಂದಿನಿ’ಗೆ ನನ್ನ ಮತ. ಗುಲ್ಜಾರ್ ಸಿನಿಮಾ ಹಾಡು ಬರೆಯೋಕೆ ಶುರು ಮಾಡಿದ ದಿನಗಳದು ಅದು.

ನೋಡುವ ಮೊದಲು ಪ್ರಿಂಟು ಪರೀಕ್ಷೆ ಮಾಡಿ. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕು 60 ವರ್ಷಕ್ಕೆ ಮುಗಿಯುತ್ತದೆ. ಹಾಗಾಗಿ ಇವುಗಳ ನಕಲು ಇಂಟರ್ನೆಟ್ಟಲ್ಲಿ ಬೇಕಾದಷ್ಟಿವೆ, ಆದರೆ ಬಹಳಷ್ಟು ಕೆಟ್ಟವು. ಕೆಲವದರಲ್ಲಿ ಹಾಡೇ ಕತ್ತರಿಸಿರುತ್ತಾರೆ. ಆಗಿನ ಪರದೆ ಹೆಚ್ಚು ಕಡಿಮೆ ಚೌಕ. ಈಗಿನ ಟಿ.ವಿ.ಗೆ ಹೊಂದಿಸೋಕೆ ಮೇಲೆ ಕೆಳಗೆ ಕತ್ತರಿಸಿದ್ದರೆ ನಟರ ನೆತ್ತಿ ಹಾರಿಹೋಗಿರುತ್ತದೆ. ಎರಡೂ ಪಕ್ಕ ಕಪ್ಪು ಪಟ್ಟಿ ಇದ್ದರೆ ಅದೇ ಸರಿಯಾದದ್ದು. ‘ಕಾಗಝ್ ಕೇ ಫೂಲ್’ ಮಾತ್ರ ಅಗಲವಾಗಿರಬೇಕು. ಹಾಡಿಗೂ ಸಬ್‌ಟೈಟಲ್ ಇದೆಯಾ ಅಂತ ನೋಡಿಕೊಳ್ಳಿ.

ಇಷ್ಟೆಲ್ಲ ಹೇಳಿದರೂ, ಭಾಷೆ ಬಾರದೆ ಈ ಲೋಕಕ್ಕೆ ಹೋದವರು ನಮ್ಮ ಮನೆಯಲ್ಲೇ ಇದ್ದರು. ನಮ್ಮಮ್ಮನಿಗೆ ಹಿಂದಿಯ ಒಂದು ವಾಕ್ಯ ಸರಿಯಾಗಿ ಬರುತ್ತಿರಲಿಲ್ಲ. 1952ರಲ್ಲಿ ಆಕಾಶವಾಣಿ ಸಿನಿಮಾ ಹಾಡಿಗೆ ಕಡಿವಾಣ ಹಾಕಿದಾಗ ದೇಶವೇ ರೇಡಿಯೋ ಸಿಲೋನ್ ಕಡೆ ತಿರುಗಿತು. ಬುಧವಾರ ರಾತ್ರಿ ಎಂಟಕ್ಕೆ ಅಲ್ಲಿ ಸಿನಿಮಾ ಹಾಡಿನ ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಅಮೀನ್ ಸಯಾನಿ ದನಿ. ಅಮ್ಮ ಹುಡುಗಿಯಾಗಿದ್ದಾಗ ಪಕ್ಕದ ಮನೆಯ ರೇಡಿಯೋ ಕೇಳೋಕೆ ಗೋಡೆಗೆ ಕಿವಿ ಕೊಟ್ಟು ನಿಲ್ಲುತ್ತಿದ್ದಳಂತೆ. ಅರ್ಥ ಗೊತ್ತಿಲ್ಲದೆ ಕಲಿತ ಹಾಡುಗಳನ್ನು ಅಡುಗೆಮನೆಯಲ್ಲಿ ಕೊನೆಯವರೆಗೂ ಗುನುಗುತ್ತಿದ್ದಳು.

ಅಕ್ಕನ ಮಗಳು ರಜೆ ಮುಗಿಯುವ ಹೊತ್ತಿಗೆ ಐದು ಸಿನಿಮಾ ನೋಡಿದಳು. ಐದನೆಯದು ‘ಕಾಗಝ್ ಕೇ ಫೂಲ್’. ಖಾಲಿ ಸ್ಟುಡಿಯೋದ ಕತ್ತಲಲ್ಲಿ ಮೇಲಿನಿಂದ ಒಂದೇ ಒಂದು ಬೆಳಕಿನ ಕೋಲು ಇಳಿಯುತ್ತದಲ್ಲ, ಗೀತಾ ದತ್ ಹಾಡುತ್ತಾರಲ್ಲ, ಅಲ್ಲಿ ಅವಳು ನಿಲ್ಲಿಸಿದಳು. ‘ಮಾವ, ಇದು ಹೇಗೆ ಮಾಡಿದ್ರು?’ ವಿ.ಕೆ. ಮೂರ್ತಿ ದೊಡ್ಡ ಕನ್ನಡಿಗಳನ್ನಿಟ್ಟು ಹೊರಗಿನ ಬಿಸಿಲನ್ನೇ ಸ್ಟುಡಿಯೋ ಒಳಗೆ ತಂದರು ಅಂತ ಹೇಳಿದೆ. ಅವಳು ಹಾಡನ್ನು ಮೊದಲಿಂದ ಹಾಕಿದಳು. ಆಮೇಲೆ ಎದ್ದು ಹೋಗಿ ಹಾಲಿನ ದೀಪ ಆರಿಸಿ ಬಂದು, ಮತ್ತೊಮ್ಮೆ ಹಾಕಿದಳು.